ಮಹಾಮಾರಿಯ ಕಾಲದ ಸ್ವಯಂಸೇವೆ: ಕಾಯಕ ಮತ್ತು ದಾಸೋಹ

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿರುವ ಮರಳೂರು ಇಂದು ನಗರದೊಳಗೆ ಸೇರಿಹೋಗಿದ್ದರೂ ತನ್ನ ಹಳೆಯ ಹೆಸರನ್ನೂ ಕೆರೆಯನ್ನೂ ಉಳಿಸಿಕೊಂಡಿದೆ. ಒಂದು ಕಡೆ ಹಿಂದಿನ ಊರು. ಮತ್ತೊಂದು ಕಡೆ ಬಡಾವಣೆಗಳು, ಇಂಜಿನಿಯರಿಂಗ್ ಕಾಲೇಜು, ಬಾಡಿಗೆಯ ಕೊಠಡಿಗಳು. ಇಂತಹ ಊರಂಚಿನ ವಸತಿಗಳಲ್ಲಿ ಎರಡು ಬಗೆಯ ಬೀದಿಗಳಿರುತ್ತವೆ. ಹಳೆಯ ಕೇರಿಯಲ್ಲಿ ಯಾರ ಮನೆಯಲ್ಲಿ ಮುದುಕರು ಒಬ್ಬರೇ ಇರುವರು, ಯಾರು ತುಂಬಿದ ಬಸುರಿ ಎಂಬುದು ಎಲ್ಲರಿಗೂ ಗೊತ್ತು. ಬಾಡಿಗೆ ಮನೆಗಳ ಸಾಲಿನಲ್ಲಿ ಪಕ್ಕದವರ ಹೆಸರೂ ತಿಳಿಯದು. ಸಾಂಕ್ರಾಮಿಕ ರೋಗವಾದರೋ ಈ ಭೇದವನ್ನೆಣಿಸದೆ ಎರಡನ್ನೂ ಹೊಗುತ್ತದೆ. ಮದ್ದು, ಅಕ್ಕಿ, ಎಚ್ಚರಿಕೆಯ ಮಾತು ಇವು ಎರಡನೆಯ ಬೀದಿಗೂ ತಲುಪಬೇಕಾದರೆ, ಆ ಬೀದಿಯನ್ನು ಬಲ್ಲವರೊಬ್ಬರು ಬೇಕು. ಸ್ವಯಂಸೇವಕರ ಬೆಲೆಯನ್ನು ಅವರ ಸಂಖ್ಯೆಯಿಂದಲ್ಲ, ಈ ಬಲ್ಲವಿಕೆಯಿಂದ ಅಳೆಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಮೈಸೂರು ಸೀಮೆಯ ಅನುಭವವೂ ಇದನ್ನೇ ಹೇಳುತ್ತದೆ. 1898ರಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿದಾಗ ಸರ್ಕಾರವು ರೋಗಿಗಳನ್ನು ಬೇರೆಯಿರಿಸಿತು, ಮನೆಗಳನ್ನು ತೆರವು ಮಾಡಿಸಿತು. ಕ್ರಮಗಳು ತಪ್ಪಲ್ಲದಿದ್ದರೂ ಅವುಗಳನ್ನು ಹೊತ್ತು ತಂದವರು ಪರಕೀಯರು, ಅಧಿಕಾರಿಗಳು. ಅದೇ ವರ್ಷ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಈ ನಿಬಂಧನೆಗಳ ವಿರುದ್ಧ ಜನ ದಂಗೆಯೆದ್ದರು. ಆದರೆ ಅದೇ ಜನರು ತಾವಾಗಿಯೇ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದುದುಂಟು. ಊರಿನವರು ಆಡಿದ ಮಾತು ನಡೆಯುತ್ತಿತ್ತು. ಚಪರಾಸಿಯ ಮಾತು ನಡೆಯುತ್ತಿರಲಿಲ್ಲ. (ಬೆಂಗಳೂರಿನಲ್ಲಿ ಇಂದಿಗೂ ಪೂಜೆಗೊಳ್ಳುವ ಪ್ಲೇಗಿನ ಮಾರಮ್ಮನ ಗುಡಿಗಳು ಆ ಕಾಲದ ಭಯವನ್ನು ಕಡತಗಳಿಗಿಂತ ಚೆನ್ನಾಗಿ ಕಾಪಾಡಿವೆ.)

1918ರ ಇನ್‌ಫ್ಲುಯೆಂಜ ಬೇರೆ ಬಗೆಯ ಪಾಠವನ್ನು ಕಲಿಸಿತು. ಆ ಜ್ವರಕ್ಕೆ ಔಷಧವಿರಲಿಲ್ಲ. ಮುದುಕರು ಮಕ್ಕಳಿಗಿಂತಲೂ ದುಡಿಯುವ ವಯಸ್ಸಿನವರನ್ನೇ ಅದು ಹೆಚ್ಚಾಗಿ ಹಿಡಿಯಿತು. ಪರಿಣಾಮವೇನೆಂದರೆ, ಒಂದು ಮನೆಯವರೆಲ್ಲರೂ ಒಟ್ಟಿಗೆ ಮಲಗಿದಾಗ ನೀರು ತರುವವರಿಲ್ಲ, ಒಲೆ ಹೊತ್ತಿಸುವವರಿಲ್ಲ. ರೋಗದಿಂದ ಬದುಕಬಹುದಾಗಿದ್ದವರೂ ಆರೈಕೆಯಿಲ್ಲದೆ ಸಾಯುವರು. ಬೆಂಗಳೂರಿನಲ್ಲಿ ಮನೆಮನೆಗೆ ಗಂಜಿಯನ್ನೂ ಮದ್ದನ್ನೂ ಒಯ್ದ ಸ್ವಯಂಸೇವಕರು ವೈದ್ಯರ ಕೈಯಾಳುಗಳಂತೆ ಕಂಡರೂ, ವಸ್ತುತಃ ಆಗ ಸಾಧ್ಯವಿದ್ದ ಚಿಕಿತ್ಸೆಯೇ ಅವರದು. 1911ರ ಜನಗಣತಿಯಲ್ಲಿ 58 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ ಹತ್ತು ವರ್ಷಗಳ ಮೇಲೂ 60 ಲಕ್ಷವನ್ನು ಮುಟ್ಟಲಿಲ್ಲವೆಂಬುದರಿಂದ ಆ ನಷ್ಟವನ್ನು ಊಹಿಸಬಹುದು.

ಕೋವಿಡ್ ವಿಷಯಕ್ಕೆ ಬರೋಣ. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಎರಡೇ ದಿನಗಳಲ್ಲಿ ತುಮಕೂರು ಜಿಲ್ಲೆಯ ಮೊದಲ ಕೋವಿಡ್ ಸಾವು ವರದಿಯಾಯಿತು. ಆಗ ಎಲ್ಲೆಲ್ಲಿಯೂ ತರುಣರು ಅನ್ನದ ಪೊಟ್ಟಣ, ದಿನಸಿ, ಔಷಧಗಳನ್ನು ಹಂಚಿದರು. ಬೆಂಗಳೂರಿನಲ್ಲಿ ಬಂಧುಗಳೇ ಹತ್ತಿರ ಸುಳಿಯದ ಶವಗಳಿಗೆ, ಸತ್ತವರ ಮತಕ್ಕೆ ತಕ್ಕಂತೆ, ಸಂಸ್ಕಾರ ಮಾಡಿದ ಸ್ವಯಂಸೇವಕರಿದ್ದರು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ರಾಜ್ಯದ ಒಂದೂವರೆ ಕೋಟಿಗೂ ಮಿಕ್ಕ ಮನೆಗಳ ಬಾಗಿಲು ತಟ್ಟಿ, ವೃದ್ಧರೆಷ್ಟು, ಗರ್ಭಿಣಿಯರೆಷ್ಟು, ಸಕ್ಕರೆ ಕಾಯಿಲೆಯವರೆಷ್ಟು ಎಂದು ಬರೆದುಕೊಂಡು ಬಂದವರು ಬೇರೆ. ಅವರು ಆಶಾ ಕಾರ್ಯಕರ್ತೆಯರು. ಕರ್ನಾಟಕದಲ್ಲಿ ಆಗ ಅವರ ಸಂಖ್ಯೆ ಸುಮಾರು 42,000. ಕೇಳಿದರೆ ಅಕ್ಕಪಕ್ಕದ ಹೆಂಗಸು. ಬರೆದುಕೊಂಡರೆ ಸರ್ಕಾರದ ಕಣ್ಣು. ಈ ಎರಡು ಪಾತ್ರಗಳನ್ನು ಒಂದೇ ಸೀರೆಯಲ್ಲಿ ಹೊರುವುದು ಸುಲಭವಲ್ಲ. ಅದೇ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದವರ ಮೇಲೆ ಕೈಮಾಡಿದ್ದೂ ನಡೆಯಿತು. ಗಂಜಾಮಿನ ಸಂಶಯ ಸಂಪೂರ್ಣವಾಗಿ ಸತ್ತಿರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಶಬ್ದವೊಂದನ್ನು ಪರೀಕ್ಷಿಸಬೇಕು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ, ಸಾವಿರ ಜನಸಂಖ್ಯೆಗೆ ಒಬ್ಬರಂತೆ ಅದೇ ಊರಿನ ಹೆಣ್ಣುಮಗಳನ್ನು ಆರಿಸಬೇಕೆಂದು ವಿಧಿಸಲಾಯಿತು. ಅನಂತರ ನಗರಗಳಿಗೂ ಈ ಏರ್ಪಾಡು ಬಂದಿತು. ಈಕೆಯನ್ನು ನೌಕರಳೆಂದು ಕರೆಯದೆ ಗೌರವ ಸ್ವಯಂಸೇವಕಿಯೆಂದು ಕರೆದರು. ಆದಕಾರಣ ಸಂಬಳವಿಲ್ಲ, ಗೌರವಧನ, ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೋವಿಡ್ ಕೆಲಸಕ್ಕೆಂದು ಕೇಂದ್ರವು ಗೊತ್ತುಮಾಡಿದ ಹೆಚ್ಚಿನ ಹಣ ತಿಂಗಳಿಗೆ 1,000 ರೂಪಾಯಿ. 2020ರ ಜುಲೈಯಲ್ಲಿ, ರೋಗ ಏರುತ್ತಿರುವಾಗಲೇ, ರಾಜ್ಯದ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳನ್ನೂ ರಕ್ಷಣೆಯ ಸಾಮಗ್ರಿಗಳನ್ನೂ ಕೇಳಿ ಕೆಲಸ ನಿಲ್ಲಿಸಿದರು. ಸೇವೆಗೆ ಬಂದವರು ಕೂಲಿ ಕೇಳಬಹುದೇ ಎಂದು ಆಗ ಕೆಲವರು ಹುಬ್ಬೇರಿಸಿದರು.

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಉತ್ತರವಿದೆ. ಮರಳೂರಿಗೆ ದೂರವಲ್ಲದ ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹ ನಡೆದುಬಂದಿರುವುದನ್ನು ವಾಚಕರು ಬಲ್ಲರು. ದಾಸೋಹವೆಂಬ ಕಲ್ಪನೆ ಹನ್ನೆರಡನೆಯ ಶತಮಾನದ ಶರಣರಿಂದ ಬಂದುದು. ಅವರು ಅದನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಮೊದಲು ಸತ್ಯಶುದ್ಧವಾದ ದುಡಿಮೆ, ಅದರಿಂದ ಬಂದ ಫಲ. ಆಮೇಲೆ ಅದನ್ನು ಹಂಚಿಕೊಳ್ಳುವುದು. ಫಲವನ್ನೇ ಕೊಡದೆ ಹಂಚೆನ್ನುವುದು ದಾಸೋಹವಾಗದು. ಕಾಲೇಜಿಗೆ ರಜೆಯಿದ್ದಾಗ ದಿನಸಿ ಹಂಚಿದ ತರುಣನು ದಾಸೋಹ ಮಾಡಿದನು. ಆತನ ಅನ್ನಕ್ಕೆ ಬೇರೆ ಆಧಾರವಿತ್ತು. ವರ್ಷವೆಲ್ಲ ಬಾಣಂತಿಯರನ್ನೂ ಲಸಿಕೆಯನ್ನೂ ನೋಡಿಕೊಂಡು, ಮಹಾಮಾರಿ ಬಂದಾಗ ಅದೇ ನಡಿಗೆಯನ್ನು ಇಮ್ಮಡಿಗೊಳಿಸಿದವಳದು ಕಾಯಕ. ಇಬ್ಬರಿಗೂ ಸ್ವಯಂಸೇವೆಯೆಂಬ ಒಂದೇ ಹೆಸರನ್ನಿಡುವುದು ಮೊದಲನೆಯವನಿಗೆ ಗೌರವವಾದೀತು, ಎರಡನೆಯವಳಿಗೆ ನಷ್ಟ. ಬೀದಿಯ ಬಲ್ಲವಿಕೆ ಒಂದು ವಾರದಲ್ಲಿ ಬರುವುದಲ್ಲ. ಅದನ್ನು ವರ್ಷಗಟ್ಟಲೆ ಕೂಡಿಟ್ಟವಳು ಕೆಲಸ ಬಿಟ್ಟುಹೋದರೆ, ಮುಂದಿನ ರೋಗಕ್ಕೆ ಸರ್ಕಾರವು ಮತ್ತೆ ಚಪರಾಸಿಯನ್ನೇ ಕಳುಹಿಸಬೇಕಾಗುತ್ತದೆ.

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪುರಸ್ಕಾರವನ್ನು ನೀಡಿತು. 2025ರ ಜನವರಿಯಲ್ಲಿ ಕರ್ನಾಟಕದ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿಯೇ ಧರಣಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಗಳ ಭರವಸೆ ದೊರೆತ ಮೇಲೆ ತಮ್ಮ ಊರುಗಳಿಗೆ ಹಿಂದಿರುಗಿದರು.