ತಕದನೊಬಬದ ಸಂಜೆ ತರಗತಿ

ಸಂಜೆ ಏಳಾಗುತ್ತಿದ್ದಂತೆ ಟೋಕಿಯೊದ ತಕದನೊಬಬ ನಿಲ್ದಾಣದ ಮುಂದೆ ಜನವೋ ಜನ. ವಸೇದಾ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ರಾಮೆನ್ ಅಂಗಡಿಗಳ ಮುಂದಿನ ಸಾಲು, ಬರ್ಮಾ ಊಟದ ಹೋಟೆಲುಗಳು, ಕಟ್ಟಡ ಕಟ್ಟಡಕ್ಕೂ ಭಾಷಾಶಾಲೆಗಳ ಬೋರ್ಡು. ರೈಲು ಹಳಿಯ ಕೆಳಗಿನ ಗೋಡೆಯ ತುಂಬ ತೆಜುಕ ಒಸಾಮು ಅವರ ಕಾಮಿಕ್ಸ್ ಪಾತ್ರಗಳು. ನಿಶಿಕಸಾಯ್‌ನಲ್ಲಿರುವ ನಮ್ಮವರು ತೋಜಾಯ್ ಲೈನ್ ಹಿಡಿದರೆ ರೈಲು ಬದಲಿಸದೆ ಇಲ್ಲಿಗೆ ಬಂದಿಳಿಯಬಹುದು. ಹಾಗೆ ಬಂದಿದ್ದ ಹುಬ್ಬಳ್ಳಿಯ ಹುಡುಗನೊಬ್ಬನ ಪಕ್ಕ, ಜಪಾನಿ ಭಾಷೆಯ ತರಗತಿಯ ಹಿಂದಿನ ಸಾಲಿನಲ್ಲಿ ನಾನೂ ಕೂತಿದ್ದೆ.

ಕೋಣೆ ಚಿಕ್ಕದು. ಎರಡು ಉದ್ದನೆಯ ಮೇಜು, ಒಂದು ವೈಟ್‌ಬೋರ್ಡ್, ಥರ್ಮಾಸಿನಲ್ಲಿ ಹಸಿರು ಚಹಾ. ಕಲಿಸುವಾಕೆ ಎಪ್ಪತ್ತು ದಾಟಿದ, ನಿವೃತ್ತರಾದ ಹೆಂಗಸು, ಸಂಬಳವಿಲ್ಲದೆ ಕಲಿಸುತ್ತಾರೆ. ಎಲ್ಲರಿಗೂ ಅವರು ‘ಸೆನ್ಸೇ’. ಎದುರಿಗೆ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಆಸ್ಟ್ರೇಲಿಯಾದ ತರುಣ, ಅಮೆರಿಕದ ಒಬ್ಬ ಯುವತಿ, ಇನ್ನೂ ನಾಲ್ಕೈದು ಮಂದಿ.

ಯುವತಿ ತನ್ನ ಪಕ್ಕದ ಮನೆಯಾಕೆಯ ಬಗ್ಗೆ ಹೇಳುತ್ತಿದ್ದಳು. ಆಕೆಗೆ ನಲವತ್ತು ವರ್ಷವಂತೆ. ಆದರೆ ಬಾಯಿಂದ ಬಂದದ್ದು ‘ಒಬಾಸನ್’, ಅಂದರೆ ಅಜ್ಜಿ. ಹೇಳಬೇಕಿದ್ದದ್ದು ‘ಒಬಸನ್’, ಚಿಕ್ಕಮ್ಮನ ವಯಸ್ಸಿನಾಕೆ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಸ್ವರ ತಾನಾಗಿ ಎಳೆಯುತ್ತದೆ. ಎಳೆದರೆ ಅರ್ಥವೇ ಬದಲಾಗುತ್ತದೆ ಎಂಬ ಎಚ್ಚರ ಆ ಕಿವಿಗೆ ಬೇಕಿಲ್ಲ. ‘ಬಿರು’ ಕಟ್ಟಡ, ‘ಬೀರು’ ಕುಡಿಯುವ ಬಿಯರ್. ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಸೆನ್ಸೇ ಬೈಯಲಿಲ್ಲ, ಚಪ್ಪಾಳೆ ತಟ್ಟಿದರು: ಒ-ಬ-ಸ-ನ್, ನಾಲ್ಕು, ಒ-ಬ-ಅ-ಸ-ನ್, ಐದು. ನನಗೆ ಹೈಸ್ಕೂಲಿನ ಛಂದಸ್ಸಿನ ಪಾಠ ಕಣ್ಮುಂದೆ ಬಂತು. ಲಘುವಿಗೆ ಒಂದು, ಗುರುವಿಗೆ ಎರಡು. ಪ್ರಸ್ತಾರ ಹಾಕಿದರೂ ಅದೇ ಲೆಕ್ಕ ಸಿಗುತ್ತದೆ. ಬಳೆಗೂ ಬಾಳೆಗೂ, ಕತೆಗೂ ಕತ್ತೆಗೂ ವ್ಯತ್ಯಾಸ ಕೇಳಿಯೇ ಬೆಳೆದ ಕಿವಿ ನಮ್ಮದು.

‘ಹಶಿ’ ಬಂದಾಗ ಮಾತ್ರ ನಾವೂ ತಬ್ಬಿಬ್ಬು. ಟೋಕಿಯೊದ ಉಚ್ಚಾರದಲ್ಲಿ ದನಿ ಮೇಲಿನಿಂದ ಇಳಿದರೆ ಊಟದ ಕಡ್ಡಿ, ಕೆಳಗಿನಿಂದ ಏರಿದರೆ ಸೇತುವೆ. ಮಾತ್ರೆ ಎಣಿಸಿ ಇದು ದಕ್ಕುವುದಿಲ್ಲ, ಕೇಳಿ ಕೇಳಿಯೇ ದಕ್ಕಬೇಕು.

ಆಮೇಲೆ ಬೋರ್ಡಿನ ಮೇಲೆ ಒಂದು ಸಾಲು ಬಂತು: ‘ಜೋ ವ ಹನ ಗ ನಗಾಯ್.’ ಮಿಕಮಿ ಅಕಿರ ಎಂಬ ವ್ಯಾಕರಣಕಾರ 1960ರಲ್ಲಿ ತಮ್ಮ ಪುಸ್ತಕಕ್ಕೆ ಇದನ್ನೇ ಹೆಸರಾಗಿ ಇಟ್ಟಿದ್ದರು. ‘ಜೋ’ ಆನೆ, ‘ಹನ’ ಮೂಗು, ‘ನಗಾಯ್’ ಉದ್ದ. ಆಸ್ಟ್ರೇಲಿಯಾದ ತರುಣ ಪೆನ್ನು ಕೆಳಗಿಟ್ಟ. ಇದರಲ್ಲಿ ಕರ್ತೃ ಯಾರು, ಆನೆಯೋ ಮೂಗೋ? ಅವನ ಭಾಷೆಯಲ್ಲಿ ಕರ್ತೃವಿಲ್ಲದೆ ವಾಕ್ಯ ಏಳುವುದೇ ಇಲ್ಲ, ಅದೂ ಒಂದೇ ಕರ್ತೃ. ‘ವ’ ಯಾವುದರ ಬಗ್ಗೆ ಮಾತು ಎಂದು ಮೊದಲು ತೋರಿಸುತ್ತದೆ, ‘ಗ’ ಅದರಲ್ಲಿ ಯಾವುದು ಉದ್ದ ಎಂದು ಹಿಡಿಯುತ್ತದೆ ಎಂದು ಸೆನ್ಸೇ ಬಿಡಿಸಿ ಹೇಳುತ್ತಿದ್ದರೆ, ಹುಬ್ಬಳ್ಳಿಯ ಹುಡುಗ ತನ್ನ ಇಂಗ್ಲಿಷ್ ಪಠ್ಯಪುಸ್ತಕದ ವಿವರಣೆಯನ್ನು ಬೆರಳಿಟ್ಟು ಓದುತ್ತ ಬೆವರುತ್ತಿದ್ದ.

“ತಮ್ಮ, ಆನೆಗೆ ಸೊಂಡಿಲು ಉದ್ದ ಅಂತ ನಾವು ಹೇಳಲ್ವ?” ಎಂದೆ.

ಅವನು ಪುಸ್ತಕ ಮುಚ್ಚಿದ. “ಇಷ್ಟ ಏನ್ರಿ?”

ಪೂರ್ತಿ ಅಷ್ಟೇ ಅಲ್ಲ, ‘ಗೆ’ ಬೇರೆ, ‘ವ’ ಬೇರೆ. ಆದರೆ ಬಾಗಿಲು ತೆರೆಯಲು ಅಷ್ಟು ಸಾಕು.

ಸೆನ್ಸೇ ‘ಸೆನ್ಬೇ’ ಎಂಬ ಅಕ್ಕಿ ಬಿಸ್ಕತ್ತುಗಳ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. “ತಬೆತೆ ಮಿತೆ ಕುದಸಾಯ್.” ಯುವತಿ ತಟ್ಟೆಯನ್ನೇ ನೋಡಿದಳು, ‘ಮಿರು’ ಎಂದರೆ ನೋಡು ಎಂದು ನಿನ್ನೆ ಮೊನ್ನೆ ಕಲಿತಿದ್ದಳಲ್ಲ. ಹುಡುಗ ಆಗಲೇ ಒಂದನ್ನು ಕಡಿದಿದ್ದ. “ತಿಂದ್ ನೋಡ್ರಿ ಅಂದ್ರ ತಿನ್ನೂದು, ನೋಡೂದಲ್ಲ!” ಕೋಣೆಯೆಲ್ಲ ನಗು. ಆ ಭಾಷೆಯ ಎಷ್ಟೋ ಜೋಡಿಕ್ರಿಯೆಗಳು ನಮ್ಮ ಅಡುಗೆಮನೆಯ ಮಾತಿನಂತೆಯೇ ನಡೆಯುತ್ತವೆ: ಮಾಡಿ ನೋಡು, ಮಾಡಿಡು, ಮಾಡಿಬಿಡು. ಇನ್ನೊಬ್ಬರ ಮಾತನ್ನು ಹೇಳುವಾಗ ನಾವು ‘ಅಂತ’ ಹಚ್ಚುವ ಜಾಗದಲ್ಲೇ ಅವರು ‘ತೊ’ ಹಚ್ಚುತ್ತಾರೆ.

ಎಲ್ಲವೂ ಹೀಗೆ ಕೈಗೆ ಸಿಗುವುದಿಲ್ಲ. ನಾನು ಇತರರಿಗೆ ಕೊಟ್ಟರೆ ‘ಅಗೆರು’, ಇತರರು ನನಗೆ ಕೊಟ್ಟರೆ ‘ಕುರೆರು’. ನಮಗೆ ಎರಡಕ್ಕೂ ಕೊಡುವುದೇ. ಮಲಯಾಳಿಗಳಿಗೆ ಇಲ್ಲಿ ಅನುಕೂಲ, ಅವರಲ್ಲಿ ‘ಕೊಡು’, ‘ತರು’ ಎಂಬ ಬೇರೆ ಬೇರೆ ಕ್ರಿಯೆಗಳಿವೆ. ಸೆನ್ಸೇ ಒಂದು ಕಿತ್ತಳೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ಪ್ರತಿಯೊಬ್ಬರ ಬಾಯಲ್ಲೂ ಎರಡನ್ನೂ ಹೇಳಿಸಿದರು. ಆಸ್ಟ್ರೇಲಿಯಾದವನ ಬಾಯಿಂದ ‘ಕುರೆರು’ ಸರಿಯಾಗಿ ಬಂದಾಗ ಆಕೆಯ ಮುಖ ಅರಳಿದ್ದನ್ನು ನೋಡಬೇಕಿತ್ತು.

ಅಮೆರಿಕದ ವಿದೇಶಾಂಗ ಸೇವೆಯ ತರಬೇತಿ ಸಂಸ್ಥೆ ಜಪಾನಿಯನ್ನು ಇಂಗ್ಲಿಷಿಗರಿಗೆ ಅತಿ ಕಠಿಣವಾದ ಭಾಷೆಗಳ ಗುಂಪಿಗೆ ಸೇರಿಸಿ, 2,200 ಗಂಟೆಗಳ ಪಾಠ ಬೇಕೆಂದು ಲೆಕ್ಕ ಹಾಕಿದೆ. ಹಾಗೆಂದು ಆಗದ ಕೆಲಸವಲ್ಲ. ನ್ಯೂಯಾರ್ಕಿನಲ್ಲಿ ಹುಟ್ಟಿದ ಡೊನಾಲ್ಡ್ ಕೀನ್ ಯುದ್ಧಕಾಲದಲ್ಲಿ ನೌಕಾಪಡೆಯ ಶಾಲೆಯಲ್ಲಿ ಜಪಾನಿ ಕಲಿತು, ಆ ಸಾಹಿತ್ಯದ ದೊಡ್ಡ ವಿದ್ವಾಂಸರಾಗಿ, 2012ರಲ್ಲಿ ಜಪಾನಿನ ಪ್ರಜೆಯೇ ಆದರು. ಇಂಗ್ಲಿಷಿಗರು ತಮ್ಮ ಭಾಷೆಯ ಅಭ್ಯಾಸಗಳನ್ನು ಬದಿಗಿಟ್ಟು ಕಲಿಯಬೇಕು, ಬೇರೆ ದಾರಿಯಿಲ್ಲ. ನಾವು ಯಾಕೆ ಅವರ ಅಭ್ಯಾಸಗಳನ್ನು ಸಾಲ ತಂದು, ಆಮೇಲೆ ಬಿಡಲು ಒದ್ದಾಡಬೇಕು?

1984ರಲ್ಲಿ ಶುರುವಾದ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ. ಅದರಲ್ಲಿ ಮಾತಾಡಿಸಿ ನೋಡುವ ಭಾಗವೇ ಇಲ್ಲ, ಆದ್ದರಿಂದ ಪಾಸಾದ ಮಾತ್ರಕ್ಕೆ ನಾಲಗೆ ಹೊರಳುವುದಿಲ್ಲ. ಅದಕ್ಕೆ ಕೂರುವ ನಮ್ಮ ಹುಡುಗ ಹುಡುಗಿಯರಿಗೆ, ಕಲಿಸುವ ಮೇಷ್ಟ್ರುಗಳಿಗೆ ನನ್ನದೊಂದು ಕೋರಿಕೆ: ವಾಕ್ಯವನ್ನು ಗಟ್ಟಿಯಾಗಿ ಓದಿ, ಮಾತ್ರೆ ಎಣಿಸಿ, ಅದರ ಕೆಳಗೆ ಇಂಗ್ಲಿಷ್ ಅಲ್ಲ, ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಿರಿ.