ಹುಣಸೆಹುಳಿಗೆ ಕರಗುವ ಇತಿಹಾಸ: ಕರಾವಳಿಯಲ್ಲಿ ಹಳೆಯ ನಾಣ್ಯಗಳ ರಕ್ಷಣೆ

ಮಂಗಳೂರು: ಹಿರಿಯರ ಪೆಟ್ಟಿಗೆಯ ತಳದಲ್ಲಿ ಹಸಿರು ಹಿಡಿದ ತಾಮ್ರದ ನಾಣ್ಯವೊಂದು ದೊರೆತರೆ ಮನೆಮಂದಿಗೆ ಮೊದಲು ನೆನಪಾಗುವುದು ಹುಣಸೆಹುಳಿ. ದೀಪ, ತಂಬಿಗೆಗಳನ್ನು ಬೆಳಗುವ ಈ ಹುಳಿ ನಾಣ್ಯವನ್ನೂ ನಿಮಿಷದಲ್ಲಿ ಹೊಳೆಯಿಸುತ್ತದೆ. ಆದರೆ ಆ ಹೊಳಪಿನೊಂದಿಗೆ ಅದರ ಇಸವಿ, ಟಂಕಸಾಲೆಯ ಹೆಸರು ಅಳಿಸಿಹೋಗಬಹುದು. ಹೋದದ್ದು ಮತ್ತೆ ಬಾರದು.

ಟಿಪ್ಪು ಸುಲ್ತಾನನ ಆನೆ ಚಿತ್ರದ ತಾಮ್ರದ ಪೈಸೆಯನ್ನೇ ನೋಡಬಹುದು. ಅದರಲ್ಲಿ ಸಾಮಾನ್ಯವಾಗಿ ಆನೆಯ ಮೇಲ್ಭಾಗದಲ್ಲಿ ವರ್ಷವೂ ಹಿಂಬದಿಯಲ್ಲಿ ಟಂಕಸಾಲೆಯ ಹೆಸರೂ ಇರುತ್ತವೆ. ಅಚ್ಚಾದ ಊರು ಯಾವುದೆಂದು ತಿಳಿಯಲು ಅವೇ ಆಧಾರ. ತೀವ್ರವಾಗಿ ಕಿಲುಬು ಹಿಡಿದ ನಾಣ್ಯದಲ್ಲಿ ಈ ಅಕ್ಷರಗಳ ಗುರುತು ಉಳಿದಿರುವುದು ಲೋಹದಲ್ಲಲ್ಲ, ಅದರ ಮೇಲಿನ ಕಂದು ಅಥವಾ ಹಸಿರು ಪೊರೆಯಲ್ಲಿ. ಹುಳಿಯು ಕರಗಿಸುವುದು ಆ ಪೊರೆಯನ್ನೇ.

ಹಸಿರೆಲ್ಲವೂ ಒಂದೇ ಅಲ್ಲ. ಗಟ್ಟಿಯಾಗಿ, ನುಣುಪಾಗಿ ಅಂಟಿಕೊಂಡಿರುವ ಗಾಢ ಹಸಿರು ನಾಣ್ಯಕ್ಕೆ ಕವಚವಿದ್ದಂತೆ. ಅದನ್ನು ಮುಟ್ಟದಿರುವುದೇ ಲೇಸು. ಕಡ್ಡಿ ತಾಗಿಸಿದರೆ ಹುಡಿಯಾಗಿ ಉದುರುವ, ಕೆಲವು ದಿನಗಳಲ್ಲಿ ಮತ್ತೆ ಕಾಣಿಸಿಕೊಳ್ಳುವ ತಿಳಿ ಹಸಿರು ಮಾತ್ರ ಅಪಾಯಕಾರಿ. ಉಪ್ಪಿನ ಅಂಶವಾದ ಕ್ಲೋರೈಡ್ ತಾಮ್ರದೊಡನೆ ಸೇರಿ, ತೇವ ಮತ್ತು ಗಾಳಿಯ ಸಂಪರ್ಕದಲ್ಲಿ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲ ಇನ್ನಷ್ಟು ತಾಮ್ರವನ್ನು ತಿನ್ನುತ್ತದೆ. ಸಂರಕ್ಷಣಾ ತಜ್ಞರು ಇದನ್ನು ‘ಕಂಚಿನ ರೋಗ’ ಎನ್ನುತ್ತಾರೆ.

ಗಾಳಿಯ ತೇವಾಂಶ ಶೇಕಡಾ 40ರ ಕೆಳಗಿದ್ದರೆ ಈ ರೋಗ ಬಹುಮಟ್ಟಿಗೆ ಸುಪ್ತವಾಗಿರುತ್ತದೆ. ಜೆಪ್ಪುವಿನಲ್ಲಿ ಅದು ಎಲ್ಲಿ ಸಾಧ್ಯ? ಒಂದೆಡೆ ನೇತ್ರಾವತಿ, ಅನತಿ ದೂರದಲ್ಲಿ ಅರಬ್ಬೀ ಸಮುದ್ರ. ಮಳೆಗಾಲದಲ್ಲಿ ತೇವಾಂಶ ಶೇಕಡಾ 80ನ್ನೂ ಮೀರುತ್ತದೆ. ಬಯಲುಸೀಮೆಯ ಸಂಗ್ರಾಹಕನ ಕಪಾಟಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ನಾಣ್ಯವೂ ಇಲ್ಲಿಗೆ ಬಂದ ಮೊದಲ ಆಟಿಯಲ್ಲೇ ಹಸಿರು ಕಾರಬಹುದು. ಆದುದರಿಂದ ಇಲ್ಲಿ ತೊಳೆಯುವುದಕ್ಕಿಂತ ಒಣಗಿಸಿಡುವುದೇ ಮುಖ್ಯ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇಟ್ಟು, ಹರಳು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.

ಮಣ್ಣು ತೆಗೆಯಲೇಬೇಕಿದ್ದರೆ ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿ, ದಿನಕ್ಕೊಮ್ಮೆ ನೀರು ಬದಲಿಸುತ್ತ, ಸಡಿಲವಾದದ್ದನ್ನು ಮೃದು ಬ್ರಷ್‌ನಿಂದ ಬಿಡಿಸಿದರೆ ಸಾಕು. ನಲ್ಲಿ ನೀರು ಬೇಡ, ಅದರಲ್ಲೂ ಕ್ಲೋರೈಡ್ ಇರುತ್ತದೆ. ರೋಗ ಹಿಡಿದ ನಾಣ್ಯಕ್ಕೆ ಪ್ರಯೋಗಾಲಯಗಳಲ್ಲಿ ಬೆಂಜೋಟ್ರಯಜೋಲ್ ಬಳಸುವುದುಂಟು. ಅದು ಹಾನಿಕಾರಕ ರಾಸಾಯನಿಕ, ಅಡುಗೆಮನೆಯ ಪ್ರಯೋಗಕ್ಕೆ ತಕ್ಕುದಲ್ಲ.

ಬೆಳ್ಳಿಯ ಕಥೆ ಬೇರೆ. ಅದು ಕಪ್ಪಾಗುವುದು ಗಂಧಕದಿಂದ. ಹಳೆಯ ರಟ್ಟು, ರಬ್ಬರ್ ಬ್ಯಾಂಡ್‌ಗಳಲ್ಲಿ ಅದು ಧಾರಾಳವಾಗಿ ಇರುತ್ತದೆ. ವಿಭೂತಿ ಅಥವಾ ಟೂತ್‌ಪೇಸ್ಟ್‌ನಿಂದ ಉಜ್ಜಿದರೆ ಕಪ್ಪು ಹೋಗುತ್ತದೆ, ಜತೆಗೆ ರಾಣಿಯ ಮುಖದ ಗೆರೆಗಳೂ ಸವೆಯುತ್ತವೆ. ಇನ್ನೊಂದು ಸೂಕ್ಷ್ಮವೆಂದರೆ, ವಿಕ್ಟೋರಿಯಾ ಕಾಲದ ರೂಪಾಯಿಯಲ್ಲಿ ಶೇಕಡಾ 91.7 ಬೆಳ್ಳಿಯಿತ್ತು, 1940ರಿಂದ ಅದು ಅರ್ಧಕ್ಕಿಳಿದು, ತಾಮ್ರವೇ ಶೇಕಡಾ 40ರಷ್ಟಾಯಿತು. ‘ಬೆಳ್ಳಿ ರೂಪಾಯಿ’ ಹಸಿರಾಗಿದೆಯೆಂದು ಖೋಟಾ ಎಂದು ತೀರ್ಮಾನಿಸುವವರು ಇಸವಿ ನೋಡಿಕೊಳ್ಳುವುದು ಒಳ್ಳೆಯದು.

ಅಗ್ಗದ ಆಲ್ಬಮ್‌ಗಳೂ ಶತ್ರುವೇ. ಮೆದು ಪಿವಿಸಿ ಹಾಳೆಗಳು ಸೆಕೆಗೆ ಶಿಥಿಲಗೊಂಡು ಆಮ್ಲ ಬಿಡುತ್ತವೆ. ನಾಣ್ಯದ ಮೇಲೆ ಅಂಟಂಟಾದ ಹಸಿರು ಲೋಳೆ ಕೂರುತ್ತದೆ. ಶುದ್ಧ ಅಸಿಟೋನ್ ಅದನ್ನು ಕರಗಿಸುತ್ತದೆ, ಲೋಹವನ್ನು ಮುಟ್ಟದು. ಒಲೆಯಿಂದ ದೂರವಿದ್ದು, ಕಿಟಕಿ ತೆರೆದು ಬಳಸಬೇಕು. ಬಳಿಕ ಪಾಲಿಯೆಸ್ಟರ್ ಹೊದಿಕೆಗೆ ವರ್ಗಾಯಿಸಬೇಕು. ಬೆವರಿನಲ್ಲೂ ಉಪ್ಪಿರುವುದರಿಂದ ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯಬೇಕು.

ಮಣ್ಣಿನಿಂದ ಸಿಕ್ಕಿದ ನಾಣ್ಯಗಳ ವಿಷಯದಲ್ಲಿ ಕಾನೂನೂ ಇದೆ. ಪಾಯ ತೋಡುವಾಗ ದೊರೆತ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸುವುದು ಕಡ್ಡಾಯ. ಹಾಗೆ ಒಪ್ಪಿಸುವಾಗ ನಾಣ್ಯಗಳನ್ನು ತೊಳೆಯದೆ, ಒಂದನ್ನೊಂದು ಬೇರ್ಪಡಿಸದೆ, ಇದ್ದ ಪಾತ್ರೆ ಹಾಗೂ ಮಣ್ಣಿನ ಸಮೇತ ಕೊಡಬೇಕು. ಅವು ಯಾವಾಗ ಹೂಳಲ್ಪಟ್ಟವು ಎಂಬುದರ ಸುಳಿವು ಅನೇಕ ಬಾರಿ ಆ ಮಣ್ಣಿನಲ್ಲೇ ಇರುತ್ತದೆ.