ಕೊಂಡಜ್ಜಿಯಲ್ಲೇ ಕೂತು ಗಳಿಸಬಹುದು: ಡಿಜಿಟಲ್ ಕಲಾವಿದರೇ, ನಿಮಗಿದು ಗೊತ್ತೇ?

ಹರಿಹರ ತಾಲ್ಲೂಕಿನ ಕೊಂಡಜ್ಜಿ ಎಂದೊಡನೆ ದಾವಣಗೆರೆಯವರಿಗೆ ಕೆರೆ, ಗುಡ್ಡ, ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ನೆನಪಾಗುತ್ತವೆ. ಇಂಥ ಊರಿನಲ್ಲಿ ಕೂತು ಮೊಬೈಲಿನಲ್ಲೋ ಪೆನ್ ಟ್ಯಾಬ್ಲೆಟ್ಟಿನಲ್ಲೋ ಚಿತ್ರ ಬರೆಯುವ ಹುಡುಗ ಹುಡುಗಿಯರಿಗೆ ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಇದರಿಂದ ಹೊಟ್ಟೆ ತುಂಬುತ್ತಾ?’ ತುಂಬುತ್ತದೆ. ಆದರೆ ಚಿತ್ರದ ಮೇಲಿರುವಷ್ಟೇ ನಿಗಾ ಬೆಲೆ, ಕರಾರು, ಹಕ್ಕು, ತೆರಿಗೆಗಳ ಮೇಲೂ ಇರಬೇಕು. ಅದಕ್ಕೆ ಬೇಕಾದ ಸಂಗತಿಗಳು ಇಲ್ಲಿವೆ.

ನಮ್ಮ ನೆಲ, ನಮ್ಮ ಪಾಠಶಾಲೆ

1. ಕಲೆ ಕಲಿಯಲು ಬೆಂಗಳೂರಿಗೇ ಹೋಗಬೇಕಿಲ್ಲ. 1964ರಲ್ಲಿ ಆರಂಭವಾದ ದಾವಣಗೆರೆಯ ಲಲಿತಕಲಾ ಶಾಲೆ ಈಗ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ಚಿತ್ರಕಲೆ, ಶಿಲ್ಪಕಲೆಗಳ ಜೊತೆಗೆ ಅಲ್ಲಿ ಅನ್ವಯಿಕ ಕಲೆಯ ವಿಭಾಗವೂ ಇದೆ. ಜಾಹೀರಾತು, ಲೋಗೊ, ಪೊಟ್ಟಣದ ವಿನ್ಯಾಸ, ಅಕ್ಷರ ವಿನ್ಯಾಸ ಇವೆಲ್ಲ ಅನ್ವಯಿಕ ಕಲೆಗೇ ಸೇರಿದವು. ಡಿಜಿಟಲ್ ಕಲಾವಿದರ ತಿಂಗಳ ಖರ್ಚು ಹೆಚ್ಚಾಗಿ ಹೊರಡುವುದು ಈ ಕೆಲಸಗಳಿಂದಲೇ.

2. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಆ ನೀತಿ ಬಂದದ್ದು 2012ರಲ್ಲಿ. ಲಲಿತಕಲಾ ಶಾಲೆಗಳಲ್ಲಿ ಡಿಜಿಟಲ್ ಕಲೆ ಕಲಿಸುವ ಆಶಯ ಅದರಲ್ಲಿತ್ತು. ಈಗ ಜಾರಿಯಲ್ಲಿರುವುದು 2024ರಿಂದ 2029ರವರೆಗಿನ ಮೂರನೇ ನೀತಿ.

3. ಹರಿಹರದ ಹರಿಹರೇಶ್ವರ ದೇವಾಲಯ ಹೊಯ್ಸಳರ ಕಾಲದ್ದು. ಕಟ್ಟಿದ್ದು 1224ರ ಸುಮಾರಿಗೆ. ಅಂಥ ಹಳೆಯ ಕಟ್ಟಡವನ್ನೋ ಶಿಲ್ಪವನ್ನೋ ನೋಡಿ ನೀವು ಬರೆದ ಚಿತ್ರವನ್ನು ಮಾರಲು ಕೃತಿಸ್ವಾಮ್ಯದ ಅಡ್ಡಿಯಿಲ್ಲ. ಸಂತೇಬೆನ್ನೂರಿನ ಪುಷ್ಕರಣಿಗೂ ಇದೇ ಮಾತು. ಆದರೆ ಬೇರೆಯವರು ತೆಗೆದ ಫೋಟೊ ಇಳಿಸಿಕೊಂಡು ಅದರ ಮೇಲೆಯೇ ಬಣ್ಣ ಬಳಿದರೆ ಕಥೆ ಬೇರೆ. ದೇವಾಲಯ ಹಳೆಯದಾದರೂ ಫೋಟೊ ಹೊಸದು, ಅದರ ಹಕ್ಕು ತೆಗೆದವರದ್ದು. ಆದ್ದರಿಂದ ಆಕರಕ್ಕೆ ನಿಮ್ಮದೇ ಫೋಟೊ ತೆಗೆದುಕೊಳ್ಳಿ, ಇಲ್ಲವೇ ಎದುರಿಗೆ ಕೂತು ಸ್ಕೆಚ್ ಮಾಡಿ.

ಯಂತ್ರ, ತಂತ್ರ

4. ಪರದೆಯ ಮೇಲೆ ಪೆನ್ನು ಹಿಡಿದು ಗೆರೆ ಎಳೆಯುವುದು ಹೊಸ ವಿದ್ಯೆಯಲ್ಲ. ಅಮೆರಿಕದ ಐವನ್ ಸದರ್ಲೆಂಡ್ 1963ರಲ್ಲೇ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶದಲ್ಲಿ ಲೈಟ್ ಪೆನ್ನಿನಿಂದ ಚಿತ್ರ ಬರೆದು ತೋರಿಸಿದ್ದರು. ಪೆನ್ ಟ್ಯಾಬ್ಲೆಟ್ಟಿಗೆ ಹೆಸರಾದ ಜಪಾನಿನ ವಾಕಾಮ್ ಕಂಪನಿ ಹುಟ್ಟಿದ್ದು 1983ರಲ್ಲಿ, ಫೋಟೊಶಾಪ್ ಬಂದದ್ದು 1990ರಲ್ಲಿ.

5. ತಂತ್ರಾಂಶಕ್ಕೆ ದುಡ್ಡಿಲ್ಲವೆಂದು ಕಳ್ಳಪ್ರತಿ ಹಾಕಿಕೊಳ್ಳುವ ಅಗತ್ಯವೇ ಇಲ್ಲ. ಚಿತ್ರಕ್ಕೆ ಕ್ರಿಟಾ, ಲೋಗೊಗೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಗಿಂಪ್, ಮೂರು ಆಯಾಮದ ಕೆಲಸಕ್ಕೆ ಬ್ಲೆಂಡರ್ ಇವೆ. ನಾಲ್ಕೂ ಉಚಿತ, ನಾಲ್ಕರಲ್ಲೂ ಮಾಡಿದ ಚಿತ್ರವನ್ನು ಮಾರಬಹುದು. ಉಚಿತ ಎಂದರೆ ಕಳಪೆ ಎಂದುಕೊಳ್ಳಬೇಡಿ. ಲಾಟ್ವಿಯಾದ ‘ಫ್ಲೋ’ ಚಿತ್ರವನ್ನು ಮಾಡಿದ್ದು ಬ್ಲೆಂಡರಿನಲ್ಲಿ. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕೆ ಆಸ್ಕರ್ ಬಂದದ್ದು ಅದಕ್ಕೇ.

6. ಫೋಟೊಶಾಪಿನಲ್ಲಿ ‘ಕೊಂಡಜ್ಜಿ’ ಎಂದು ಯೂನಿಕೋಡ್ ಅಕ್ಷರದಲ್ಲಿ ಹಾಕಿ ನೋಡಿ. ಕೆಲವು ಕಂಪ್ಯೂಟರುಗಳಲ್ಲಿ ಜ ಅಕ್ಷರದ ಒತ್ತು ಕೆಳಗೆ ಕೂರದೆ, ‘ಕೊಂಡಜ್‌ಜಿ’ ಎಂದು ಒಡೆದು ಪಕ್ಕಕ್ಕೆ ಬರುತ್ತದೆ. ಫಾಂಟ್ ಕೆಟ್ಟಿದೆ ಎಂದು ಬೇರೆ ಬೇರೆ ಫಾಂಟ್ ಹಾಕಿ ನೋಡಿ ದಿನ ಕಳೆಯಬೇಡಿ. ಪ್ರಿಫರೆನ್ಸಸ್‌ಗೆ ಹೋಗಿ ಟೈಪ್ ವಿಭಾಗದಲ್ಲಿ ‘ವರ್ಲ್ಡ್ ರೆಡಿ ಲೇಔಟ್’ ಆರಿಸಿ. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’. ತಂತ್ರಾಂಶ ಮುಚ್ಚಿ ತೆರೆದು ಹೊಸ ಕಡತದಲ್ಲಿ ಬರೆದರೆ ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತದೆ. ಕನ್ನಡವನ್ನು ತಪ್ಪಿಲ್ಲದೆ ಕೂರಿಸುವ ಕಲಾವಿದರಿಗೆ ಹೊರ ಊರಿನ ಏಜೆನ್ಸಿಗಳಿಂದಲೂ ಕೆಲಸ ಬರುತ್ತದೆ.

7. 2017ರ ಡಿಸೆಂಬರ್ 29ರಂದು ಗೂಗಲ್ ಪುಟದಲ್ಲಿ ಕುವೆಂಪು ಅವರ ಡೂಡಲ್ ಕಾಣಿಸಿಕೊಂಡಿತು. ಚಿತ್ರ ಉಪಮನ್ಯು ಭಟ್ಟಾಚಾರ್ಯ ಅವರದ್ದು. ಅದರಲ್ಲಿನ ಕನ್ನಡ ಅಕ್ಷರಗಳನ್ನು ಬರೆಯಲು ಸ್ವಾತಿ ಶೇಲಾರ್ ಎಂಬ ಮತ್ತೊಬ್ಬ ಕಲಾವಿದೆ ಇದ್ದರು. ಅಕ್ಷರ ಬರೆಯುವುದೇ ಒಂದು ಪ್ರತ್ಯೇಕ ಕಸುಬು.

8. ಎ4 ಹಾಳೆಯ ಅಳತೆಯಲ್ಲಿ ಚೆನ್ನಾಗಿ ಮುದ್ರಣವಾಗಬೇಕಾದರೆ ಚಿತ್ರ 2480 × 3508 ಪಿಕ್ಸೆಲ್ ಇರಬೇಕು, ಅಂದರೆ ಇಂಚಿಗೆ 300 ಪಿಕ್ಸೆಲ್. ಇನ್‌ಸ್ಟಾಗ್ರಾಂಗೆಂದು 1080 ಪಿಕ್ಸೆಲ್ ಅಗಲದಲ್ಲಿ ಬರೆದ ಚಿತ್ರ ಇದೇ ಗುಣಮಟ್ಟದಲ್ಲಿ ಮುದ್ರಣವಾದರೆ ಅದರ ಅಗಲ ಮೂರೂವರೆ ಇಂಚು ಚಿಲ್ಲರೆ ಮಾತ್ರ. ಮುಂದೆ ಯಾರಾದರೂ ಪೋಸ್ಟರಿಗೆ ಕೇಳಿಯಾರು. ಮೊದಲೇ ದೊಡ್ಡ ಅಳತೆಯಲ್ಲಿ ಬರೆದಿಡಿ.

ಕೆಲಸ ಎಲ್ಲೆಲ್ಲಿದೆ?

9. ಗೇಮ್ ತಯಾರಿಸಲು ಮಹಾನಗರವೇ ಬೇಕೆಂದಿಲ್ಲ. ಉಡುಪಿಯಲ್ಲಿ 2009ರಲ್ಲಿ ಆರಂಭವಾದ ‘99ಗೇಮ್ಸ್’ ಅಲ್ಲಿಂದಲೇ ‘ಸ್ಟಾರ್ ಶೆಫ್’ ಎಂಬ ಆಟವನ್ನು ಜಗತ್ತಿಗೆ ಕೊಟ್ಟಿತು. ಪಾತ್ರ, ಹಿನ್ನೆಲೆ, ಬಟನ್ನು, ಐಕಾನು ಹೀಗೆ ಒಂದು ಮೊಬೈಲ್ ಗೇಮಿನಲ್ಲಿ ಕಾಣುವ ಪ್ರತಿಯೊಂದನ್ನೂ ಯಾರೋ ಒಬ್ಬ ಕಲಾವಿದರು ಬರೆದಿರುತ್ತಾರೆ.

10. ಮುಂಬೈಯ ‘ಮಿಡ್‌ ಡೇ’ ಪತ್ರಿಕೆಯಲ್ಲಿದ್ದ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಊರಾದ ಕುಂದಾಪುರಕ್ಕೆ ಮರಳಿದರು. ಈಗ ಅಲ್ಲಿಂದಲೇ ಹೊರಗಿನ ಪತ್ರಿಕೆಗಳಿಗೆ ಚಿತ್ರ ಕಳಿಸುತ್ತಾರೆ, ತಮ್ಮ ವ್ಯಂಗ್ಯಚಿತ್ರಗಳ ಪುಸ್ತಕಗಳನ್ನೂ ಹೊರತಂದಿದ್ದಾರೆ. ಕುಂದಾಪುರದಲ್ಲಿ ಆಗುವುದು ಕೊಂಡಜ್ಜಿಯಲ್ಲಿ ಯಾಕಾಗಬಾರದು?

11. ಕನ್ನಡ ಪುಸ್ತಕದ ಮುಖಪುಟಗಳು ನಿಯತವಾಗಿ ಬರುವ ಕೆಲಸ. ‘ಅಪಾರ’ ಎಂಬ ಹೆಸರಿನಲ್ಲಿ ಮುಖಪುಟ ರಚಿಸುವ ಪಿ. ರಘು ಈ ಕೆಲಸದಿಂದಲೇ ಓದುಗರಲ್ಲಿ ಹೆಸರು ಪಡೆದವರು. ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನಗಳ ಜೊತೆಗೆ ಮುಖಪುಟ ಚಿತ್ರಕಲೆಗೂ ಬಹುಮಾನ ಕೊಡುತ್ತದೆ.

12. 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸ್ಪೆಷಲ್ ಎಫೆಕ್ಟ್ಸ್ ಗೌರವ ಪಡೆದ ಚಿತ್ರಗಳಲ್ಲಿ ಕನ್ನಡದ ‘ಕೆಜಿಎಫ್’ ಒಂದು. ಸಿನಿಮಾದವರು ಶೂಟಿಂಗಿಗೆ ಮುಂಚೆಯೇ ದೃಶ್ಯಗಳನ್ನು ಬರೆಸಿಕೊಳ್ಳುತ್ತಾರೆ. ಸ್ಟೋರಿಬೋರ್ಡ್, ಕಾನ್ಸೆಪ್ಟ್ ಆರ್ಟ್ ಎನ್ನುವ ಈ ಕೆಲಸವನ್ನು ಮನೆಯಿಂದಲೇ ಮಾಡಿ ಕಳಿಸಬಹುದು.

13. ಆದರೆ ಒಂದೇ ಗೂಟಕ್ಕೆ ಕಟ್ಟಿಕೊಳ್ಳಬೇಡಿ. 1915ರಲ್ಲಿ ಹುಟ್ಟಿದ, ಸಿನಿಮಾಕ್ಕೆ ಬಣ್ಣ ತಂದ ಟೆಕ್ನಿಕಲರ್‌ನ ಹೆಸರಿನ ಸಮೂಹ 2025ರ ಫೆಬ್ರವರಿಯಲ್ಲಿ ಕುಸಿಯಿತು. ಬೆಂಗಳೂರಿನಲ್ಲೂ ಅದರ ಸ್ಟುಡಿಯೊಗಳನ್ನು ನಂಬಿದ್ದ ಬಹಳ ಕಲಾವಿದರು ಒಮ್ಮೆಲೇ ಕೆಲಸ ಕಳೆದುಕೊಂಡರು. ಸಂಬಳದ ಕೆಲಸವಿದ್ದರೂ ನಿಮ್ಮದೇ ಹೆಸರಿನಲ್ಲಿ ಒಂದಿಷ್ಟು ಗಿರಾಕಿಗಳಿರಲಿ.

14. ಅಮೆರಿಕದ ಮೈಕ್ ವಿಂಕಲ್ಮನ್, ಅಂದರೆ ‘ಬೀಪಲ್’, 2007ರ ಮೇ 1ರಿಂದ ದಿನಕ್ಕೊಂದು ಚಿತ್ರ ಮಾಡುತ್ತಾ ಬಂದರು. ಮೊದಲ 5,000 ಚಿತ್ರಗಳ ಒಂದು ಸಂಯೋಜನೆ 2021ರ ಮಾರ್ಚಿನಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ಎನ್‌ಎಫ್‌ಟಿಯಾಗಿ (ಡಿಜಿಟಲ್ ಕೃತಿಯ ಒಡೆತನ ತೋರುವ ಟೋಕನ್) 6.93 ಕೋಟಿ ಡಾಲರಿಗೆ ಹೋಯಿತು. ಎನ್‌ಎಫ್‌ಟಿಗಳ ಆ ಭರಾಟೆ ಬೇಗನೆ ಇಳಿಯಿತು, ಅದನ್ನು ನಂಬಿ ಬದುಕು ಕಟ್ಟಲಾಗದು. ಹದಿಮೂರು ವರ್ಷ ದಿನವೂ ತಪ್ಪದೆ ಕೆಲಸ ಮಾಡಿದ ಆ ಶಿಸ್ತನ್ನು ಮಾತ್ರ ಖಂಡಿತ ಕಲಿಯಬಹುದು.

ಬೆಲೆ, ವಸೂಲಿ, ತೆರಿಗೆ

15. ‘ಎಷ್ಟು ಕೊಡ್ತೀರಾ?’ ಎಂದು ಗಿರಾಕಿಯನ್ನೇ ಕೇಳಬೇಡಿ, ಮೊದಲು ನಿಮ್ಮ ಲೆಕ್ಕ ಹಾಕಿ. ಮನೆಗೆ ತಿಂಗಳಿಗೆ 30,000 ರೂಪಾಯಿ ಬೇಕೆಂದಿಟ್ಟುಕೊಳ್ಳಿ. ಕಂಪ್ಯೂಟರು, ಟ್ಯಾಬ್ಲೆಟ್ಟಿಗೆ 90,000 ಹಾಕಿದ್ದರೆ, ಮೂರು ವರ್ಷಕ್ಕೆ ಹಂಚಿದಾಗ ತಿಂಗಳಿಗೆ 2,500. ಕರೆಂಟು, ಇಂಟರ್ನೆಟ್ಟು, ರಿಪೇರಿ ಎಲ್ಲ ಸೇರಿ ಇನ್ನೊಂದು 2,500. ಒಟ್ಟು 35,000. ಗಿರಾಕಿ ಹುಡುಕುವುದು, ಫೋನಿನಲ್ಲಿ ಮಾತಾಡುವುದು, ಹೊಸದು ಕಲಿಯುವುದು ಇವುಗಳ ನಡುವೆ ದುಡ್ಡು ಹುಟ್ಟುವ ಕೆಲಸಕ್ಕೆ ದಿನಕ್ಕೆ ನಾಲ್ಕು ಗಂಟೆ ಸಿಕ್ಕರೆ, 25 ದಿನಕ್ಕೆ 100 ಗಂಟೆ. ಅಲ್ಲಿಗೆ ಗಂಟೆಗೆ 350 ರೂಪಾಯಿ. 12 ಗಂಟೆ ಹಿಡಿಯುವ ಮುಖಪುಟಕ್ಕೆ 4,200. ಇದಕ್ಕಿಂತ ಕಡಿಮೆಗೆ ಒಪ್ಪಿದರೆ ಕೈಯಿಂದ ಹಾಕಿಕೊಂಡ ಹಾಗೆ.

16. ತಿದ್ದುಪಡಿಗೂ ಬೆಲೆ ಇದೆ. ‘ಎರಡು ಸಲ ತಿದ್ದಿಕೊಡುತ್ತೇನೆ, ಮೂರನೆಯದಕ್ಕೆ ಬೇರೆ ದುಡ್ಡು’ ಎಂದು ಕೊಟೇಶನ್ನಿನಲ್ಲೇ ಬರೆಯಿರಿ. ಅರ್ಧ ಮುಂಗಡ ಬಂದ ಮೇಲೆ ಕೆಲಸ ಶುರುಮಾಡಿ. ಲೇಯರುಗಳಿರುವ ಮೂಲ ಕಡತ ಪೂರ್ತಿ ಹಣ ಬರುವವರೆಗೆ ನಿಮ್ಮಲ್ಲೇ ಇರಲಿ.

17. ಸಣ್ಣ ಉದ್ಯಮಗಳಿಗೆಂದಿರುವ ಕೇಂದ್ರ ಸರ್ಕಾರದ ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ, ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಅದರಿಂದ ಸಿಗುವ ಬಲ ಮಾತ್ರ ದೊಡ್ಡದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಂತೆ, ನೋಂದಾಯಿತ ಸಣ್ಣ ಉದ್ಯಮದಿಂದ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡಮಾಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಾಕಿ ಉಳಿಸಿಕೊಂಡವರ ಮೇಲೆ ಆನ್‌ಲೈನಿನಲ್ಲೇ ದೂರು ಕೊಡಬಹುದು.

18. ಬಿಡಿ ಕೆಲಸ ಕೊಡಿಸುವ ಫೈವರ್ ತಾಣದಲ್ಲಿ ಕೆಲಸ ಮಾಡಿದರೆ ನಿಮ್ಮ ಗಳಿಕೆಯ ಶೇ 20ರಷ್ಟು ತಾಣದ ಪಾಲು. 1,000 ರೂಪಾಯಿಯ ಕೆಲಸಕ್ಕೆ ಕೈಗೆ ಬರುವುದು 800. ಬೆಲೆ ನಿಗದಿ ಮಾಡುವಾಗಲೇ ಇದನ್ನು ಸೇರಿಸಿಕೊಳ್ಳಿ.

19. ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿ ನಿಲ್ಲಿಸಿದೆ. ವಿದೇಶದ ಗಿರಾಕಿಗಳಿಂದ ಹಣ ಪಡೆಯಲು ಈಗಲೂ ಬಳಸಬಹುದು. ಒಳನಾಡಿನ ಗಿರಾಕಿಗಳಿಗೆ ಯುಪಿಐ ಇದೆ.

20. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಕಂಪನಿಗಳು ವೃತ್ತಿಪರ ಶುಲ್ಕದಲ್ಲಿ ಶೇ 10 ಟಿಡಿಎಸ್ ಹಿಡಿದರೆ ಗಾಬರಿ ಬೇಡ. ರಿಟರ್ನ್ಸ್ ಸಲ್ಲಿಸಿದಾಗ ನಿಮ್ಮ ತೆರಿಗೆಗಿಂತ ಹೆಚ್ಚು ಹಿಡಿದದ್ದು ವಾಪಸ್ ಬರುತ್ತದೆ. ಆ ರಿಟರ್ನ್ಸೇ ನಾಳೆ ಬ್ಯಾಂಕ್ ಸಾಲಕ್ಕೆ ಹೋದಾಗ ನಿಮ್ಮ ಆದಾಯಕ್ಕೆ ಸಾಕ್ಷಿ.

ಹಕ್ಕು ಯಾರದ್ದು?

21. ಕಾರುಗಳ ಹಿಂದಿನ ಗಾಜಿನಲ್ಲಿ, ಬೈಕುಗಳ ಮೇಲೆ ಕೇಸರಿ ಮತ್ತು ಕಪ್ಪು ಬಣ್ಣದ ಗಂಭೀರ ಮುಖದ ಹನುಮಂತನನ್ನು ನೋಡದವರಿಲ್ಲ. ಅದನ್ನು ಬರೆದವರು ಕಾಸರಗೋಡು ಜಿಲ್ಲೆಯ ಕರಣ್ ಆಚಾರ್ಯ. 2015ರಲ್ಲಿ ಊರಿನ ಯುವಕರು ಗಣೇಶ ಚತುರ್ಥಿಗೆ ಬಾವುಟ ಬೇಕೆಂದು ಕೇಳಿದಾಗ ಮಾಡಿಕೊಟ್ಟ ಚಿತ್ರ ಅದು. ಮುಂದೆ ದೇಶದ ಉದ್ದಗಲಕ್ಕೂ ಸ್ಟಿಕ್ಕರಾಗಿ ಹಬ್ಬಿತು, 2018ರ ಮೇ ತಿಂಗಳಲ್ಲಿ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯೇ ಕರಣ್ ಹೆಸರು ಹೇಳಿ ಹೊಗಳಿದರು. ಹೆಸರು ಬಂತು, ಆದರೆ ಸ್ಟಿಕ್ಕರ್ ವ್ಯಾಪಾರದ ಹಣ ತಮಗೆ ಬಂದಿಲ್ಲವೆಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದರು. ಇಷ್ಟು ಜನಪ್ರಿಯವಾದ ಚಿತ್ರದ ಗಳಿಕೆ ಬರೆದ ಕೈಗೆ ಸೇರದಿದ್ದರೆ ಅದು ಅನ್ಯಾಯವೇ.

22. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬರೆದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಹಕ್ಕಿನ ಅವಧಿ ಕಲಾವಿದರ ಜೀವಿತಕಾಲ ಮತ್ತು ಆನಂತರದ 60 ವರ್ಷ. ಆದರೂ ನೋಂದಣಿ ಮಾಡಿಸಿದರೆ ವಿವಾದ ಬಂದಾಗ ಪುರಾವೆ ಗಟ್ಟಿ. ಒಂದು ಕಲಾಕೃತಿಗೆ ಶುಲ್ಕ 500 ರೂಪಾಯಿ, ಸರಕುಗಳ ಮೇಲೆ ಬಳಸುವ ಚಿತ್ರವಾದರೆ 2,000.

23. ಮದುಮಕ್ಕಳ ಭಾವಚಿತ್ರ ಬರೆದುಕೊಡಿ ಎಂದು ದುಡ್ಡು ಕೊಟ್ಟು ಬರೆಸಿಕೊಂಡರೆ, ಬೇರೆ ಒಪ್ಪಂದವಿಲ್ಲದಿದ್ದಾಗ ಮೊದಲ ಹಕ್ಕು ಬರೆಸಿದವರದ್ದೇ. ನೌಕರಿಯಲ್ಲಿದ್ದು ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದ್ದು. ಹಕ್ಕು ನಿಮ್ಮಲ್ಲೇ ಉಳಿಯಬೇಕೆಂದರೆ ಮೊದಲೇ ಬರೆದುಕೊಳ್ಳಬೇಕು.

24. ಹಕ್ಕು ಬಿಟ್ಟುಕೊಡುವ ಕರಾರು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಲೇಬೇಕು. ಅದರಲ್ಲಿ ಅವಧಿ ಹೇಳದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಪರಿಗಣಿಸುತ್ತದೆ. ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವರು ನಾವು’ ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ನಿನಂತೆ ನಿಮ್ಮಲ್ಲೇ ಉಳಿಯುತ್ತದೆ.

25. ಎಐ ಬರೆದ ಚಿತ್ರಕ್ಕೆ ಹಕ್ಕು ಸಿಗುತ್ತದೆಯೇ? ‘ಝರ್ಯಾ ಆಫ್ ದ ಡಾನ್’ ಎಂಬ ಕಾಮಿಕ್ಸಿನ ವಿಷಯದಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿ 2023ರ ಫೆಬ್ರವರಿಯಲ್ಲಿ ತೀರ್ಮಾನ ಕೊಟ್ಟಿತು: ಬರಹಕ್ಕೆ, ಜೋಡಣೆಗೆ ಹಕ್ಕುಂಟು, ಎಐ ಸೃಷ್ಟಿಸಿದ ಚಿತ್ರಗಳಿಗಿಲ್ಲ. ಅದಕ್ಕೇ ನಿಮ್ಮ ಸ್ಕೆಚ್ಚು, ಲೇಯರು, ಹಂತಹಂತದ ಕಡತಗಳನ್ನು ಅಳಿಸಬೇಡಿ. ನಿಮ್ಮ ಕೈಯೇ ಬರೆದದ್ದು ಎಂಬುದಕ್ಕೆ ಅವೇ ದಾಖಲೆ.

ದಾವಣಗೆರೆ, ಹರಿಹರದ ಅಂಗಡಿಯವರಿಗೆ, ಸಂಘಗಳವರಿಗೆ, ಪ್ರಕಾಶಕರಿಗೆ ಒಂದು ಮನವಿ: ಊರಿನ ಹುಡುಗರ ಚಿತ್ರವನ್ನು ಹೇಳದೆ ಕೇಳದೆ ಬಳಸಬೇಡಿ. ಬಳಸಿದರೆ ಹೆಸರು ಹಾಕಿ, ದುಡ್ಡು ಕೊಡಿ. ಕಲಾವಿದರೇ, ನಿಮಗೂ ಒಂದು ಮಾತು. ಕೈಯಲ್ಲಿ ಕಲೆ ಇದ್ದರೆ ಸಾಲದು, ಕೈಯಲ್ಲಿ ಕರಾರೂ ಇರಬೇಕು. ಮುಂದಿನ ಕೆಲಸಕ್ಕೆ ಪೆನ್ನು ಹಿಡಿಯುವ ಮುಂಚೆ ಏನು ಬರೆಯುತ್ತೀರಿ, ಎಷ್ಟಕ್ಕೆ, ಯಾವಾಗ ಹಣ, ಹಕ್ಕು ಯಾರದ್ದು ಎಂಬ ನಾಲ್ಕು ಸಾಲನ್ನು ಒಂದು ಹಾಳೆಯಲ್ಲಿ ಬರೆದು, ಎರಡೂ ಕಡೆಯ ಸಹಿ ಹಾಕಿಸಿಕೊಳ್ಳಿ.